ಉಲ್ಲೇಖ: ಮಗಳ ಹೇಳಿಕೆ

ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೂ ಗಾದಿಲಿಂಗಪ್ಪ ಟೈಪು ಮಾಡುವುದನ್ನು ಬಿಡಲಿಲ್ಲ. ಕೂಡ್ಲಿಗಿಯ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಬೆರಳಚ್ಚುಗಾರನಾಗಿ ಸವೆದ ಜೀವ. ಈಗ ಕೊಟ್ಟೂರಿನ ಮನೆಯಲ್ಲಿ ಹಳೆಯ ಕಂಪ್ಯೂಟರಿನ ಮುಂದೆ ಕೂತು, ಎಡಗೈಯೊಂದರಲ್ಲೇ ಎಐಗೆ ಪತ್ರ ಬರೆಯುತ್ತಿದ್ದ. ಪತ್ರವೆಂದರೆ ಪತ್ರವೇ. 'ಮಾನ್ಯರೇ' ಎಂದು ಶುರು, ಆಮೇಲೆ ವಿಷಯ, ಉಲ್ಲೇಖ, 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ', ಕೊನೆಗೆ 'ತಮ್ಮ ವಿಶ್ವಾಸಿ'. ಆಲೂಗಡ್ಡೆ ತಿಂದರೆ ವಾಯು ಆಗುತ್ತದೆಯೇ ಎಂದು ಕೇಳುವುದಕ್ಕೂ ಇಷ್ಟು ಸಡಗರ.

"ಫೋನ್‌ನಾಗೂ ಅದಾ ಐತಪ್ಪ, ಬಾಯಿಲೆ ಹೇಳಿದ್ರ ಸಾಕು," ಎಂದು ಮಗಳು ಯಶೋಧರಾ ಒಮ್ಮೆ ತನ್ನ ಮೊಬೈಲನ್ನು ಅವನ ಮುಂದೆ ಹಿಡಿದಿದ್ದಳು. ಅವನ ತೊದಲು ಮಾತು ಅದಕ್ಕೆ ತಿಳಿಯಲಿಲ್ಲ. ಮೂರು ಸಲ ಹೇಳಿದ, ಮೂರು ಸಲವೂ ಅದು ಬೇರೇನೋ ಬರೆಯಿತು.

"ಇದು ಬ್ಯಾಡ. ನನಗ ಕಂಪ್ಯೂಟರಾ ಇರಲಿ. ಅಲ್ಲಿ ನನ್ನ ಮಾತು ತೊದಲಂಗಿಲ್ಲ," ಎಂದ. ಅಷ್ಟು ಹೇಳುವುದಕ್ಕೇ ಅವನಿಗೆ ಒಂದು ನಿಮಿಷ ಹಿಡಿಯಿತು.

ಯಶೋಧರಾಗೆ ಮೊಬೈಲೇ ಸರಿ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ಇಬ್ಬರೇ. ಐದಕ್ಕೆ ಏಳಬೇಕು, ಅಡುಗೆ ಮಾಡಬೇಕು, ಅಪ್ಪನಿಗೆ ಸ್ನಾನ ಮಾಡಿಸಿ ಬಟ್ಟೆ ತೊಡಿಸಬೇಕು, ಬಸ್ಸು ಹಿಡಿದು ಹಗರಿಬೊಮ್ಮನಹಳ್ಳಿಯ ಕಚೇರಿ ಸೇರಬೇಕು. ಕಂಪ್ಯೂಟರಿನ ಮುಂದೆ ಕೂರಲು ಪುರುಸೊತ್ತೆಲ್ಲಿ? ಸಂಜೆ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು, ಫೋನು ಕಿವಿಗಿಟ್ಟು ಎಐ ಜೊತೆ ಮಾತಾಡುತ್ತಿದ್ದಳು. ನೋಡಿದವರು ಯಾರೋ ಗೆಳತಿ ಅಂದುಕೊಳ್ಳಲಿ ಎಂದು. ಯಂತ್ರಕ್ಕೆ ಕಷ್ಟ ಹೇಳಿಕೊಳ್ಳುವ ಕಾಲ ಬಂತಲ್ಲ ಎಂದು ನಗುವವರು ನಗಲಿ. ಕೇಳಿಸಿಕೊಳ್ಳುವ ಮನುಷ್ಯರಿದ್ದರೆ ಯಂತ್ರದ ಹತ್ತಿರ ಯಾರು ಹೋಗುತ್ತಾರೆ?

ಆ ಬುಧವಾರ ಅವಳಿಗೆ ತಡೆಯಲಾಗಲಿಲ್ಲ. "ಸಾಕಾಗೈತಿ ನನಗ. ದಿನಾ ಅಪ್ಪಗ ಜಳಕ ಮಾಡ್ಸಿ ಮಾಡ್ಸಿ ನಡಾ ಬಿದ್ದು ಹೋಗೈತಿ. ಅವನೂ ನಾಚಿಕಿಗೆ ಕಣ್ಣು ಮುಚ್ಕಂತಾನ, ನಾನೂ ಮುಖ ತಿರುವ್ತೀನಿ. ಒಂದಿನ, ಒಂದಾ ಒಂದಿನ ಇದು ತಪ್ಪಿದ್ರ ಸಾಕು ಅನಸ್ತೈತಿ."

ಹೇಳಿದ ಮೇಲೆ ಎದೆ ಹಗುರವಾಯಿತು. ಅದರ ಬೆನ್ನಿಗೇ ನಾಚಿಕೆಯೂ ಆಯಿತು.

ಫೋನು ತನ್ನದು, ಕಂಪ್ಯೂಟರು ಅಪ್ಪನದು, ಇಲ್ಲಿ ಆಡಿದ್ದು ಅಲ್ಲಿಗೆ ಹೋಗುವುದಿಲ್ಲ ಎಂದೇ ಅವಳು ತಿಳಿದಿದ್ದಳು. ಆದರೆ ಆ ಮನೆಗೆಲ್ಲ ಇದ್ದದ್ದು ಒಂದೇ ಇಮೇಲ್. ಅಪ್ಪನ ಪಿಂಚಣಿಗೆಂದು ಯಾವತ್ತೋ ಸೈಬರ್ ಸೆಂಟರಿನವನು ಮಾಡಿಕೊಟ್ಟದ್ದು. ಗ್ಯಾಸಿಗೂ ಅದೇ, ಕರೆಂಟಿಗೂ ಅದೇ. ಎಐಗೂ ಎರಡೂ ಕಡೆ ಅದನ್ನೇ ಹಾಕಿದವಳು ಯಶೋಧರಾಳೇ. ಹೀಗಾಗಿ ಒಂದರಲ್ಲಿ ಆಡಿದ್ದು ಇನ್ನೊಂದರಲ್ಲೂ ಕಾಣುತ್ತಿತ್ತು; ಅವಳು ಹಿಂದಿನದನ್ನು ತೆರೆದು ನೋಡಿರಲಿಲ್ಲ, ಅಷ್ಟೇ.

ಗುರುವಾರ ಸಂಜೆ ಅದೇ ಬೆಂಚಿನಲ್ಲಿ ಕೂತು ಫೋನು ತೆರೆದಳು. ನಿನ್ನೆ ತಾನಾಡಿದ ಮಾತಿನ ಕೆಳಗೆ ಒಂದು ಪತ್ರವಿತ್ತು.

'ಮಾನ್ಯರೇ,

ವಿಷಯ: ಒಂದೇ ಕೈಯಲ್ಲಿ ಸ್ವಂತವಾಗಿ ಸ್ನಾನ ಮಾಡಿಕೊಳ್ಳುವ ಬಗ್ಗೆ.

ಉಲ್ಲೇಖ: ಮೇಲೆ ಕಾಣಿಸಿರುವ ನನ್ನ ಮಗಳ ಹೇಳಿಕೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಬಲಗೈ ಸ್ವಾಧೀನವಿಲ್ಲದವನು ಬೆನ್ನಿಗೆ ಸೋಪು ಹಚ್ಚಿಕೊಳ್ಳುವ ಕ್ರಮವನ್ನು ತಿಳಿಸಬೇಕಾಗಿ ಕೋರುತ್ತೇನೆ. ಈ ಪತ್ರವನ್ನು ಮಗಳ ಗಮನಕ್ಕೆ ತರಬಾರದಾಗಿ ವಿನಂತಿ. ಅವಳಿಗೆ ಈಗಾಗಲೇ ಸಾಕಾಗಿದೆ.

ತಮ್ಮ ವಿಶ್ವಾಸಿ,
ಗಾದಿಲಿಂಗಪ್ಪ.'

ಅದರ ಕೆಳಗೆ ಎಐ ಉತ್ತರ ಕೊಟ್ಟಿತ್ತು: ಜಾರದ ಸ್ಟೂಲಿನ ಮೇಲೆ ಕೂರಿ, ಸೋಪನ್ನು ಹಳೆಯ ಕಾಲುಚೀಲದೊಳಗೆ ಹಾಕಿ ಕಟ್ಟಿಕೊಳ್ಳಿ, ಚಿಲಕ ಹಾಕಬೇಡಿ, ಬಾಗಿಲ ಹೊರಗೆ ಯಾರಾದರೂ ಇರಲಿ. ಯಶೋಧರಾ ಅದನ್ನು ಎರಡು ಸಲ ಓದಿದಳು. ಕೊಟ್ಟೂರಿನ ಬಸ್ಸು ಬಂದು ಹೋದದ್ದು ಅವಳಿಗೆ ಗೊತ್ತಾಗಲಿಲ್ಲ.

ಮರುದಿನ ಬೆಳಗ್ಗೆ ಅಪ್ಪ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ನಿಂತಿದ್ದ. "ಇವತ್ತು ನಾನಾ ಮಾಡ್ಕಂತೀನಿ."

"ಆತಪ್ಪ. ಚಿಲಕ ಹಾಕಬ್ಯಾಡ."

ಬಚ್ಚಲಲ್ಲಿ ಅವಳು ಆಗಲೇ ಸ್ಟೂಲು ಇಟ್ಟಿದ್ದಳು. ಬಕೆಟಿನ ಅಂಚಿಗೆ ಸೋಪು ತುಂಬಿದ ಕಾಲುಚೀಲ ಜೋತುಬಿದ್ದಿತ್ತು. ಅಪ್ಪ ಅದನ್ನು ನೋಡಿದ, ಮಗಳ ಮುಖ ನೋಡಿದ. ಅವನು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ.

ಅವಳು ಹೊರಗೆ ಗೋಡೆಗೊರಗಿ ಕೂತಳು. ಸ್ವಲ್ಪ ಹೊತ್ತಿಗೆ ಚೊಂಬು ಬಿದ್ದ ಸದ್ದಾಯಿತು. ತಟ್ಟನೆ ಎದ್ದಳು.

"ಬರಬ್ಯಾಡವಾ," ಒಳಗಿನಿಂದ ಅಪ್ಪ ಹೇಳಿದ. ಅಷ್ಟು ಮಾತು ಮಾತ್ರ ತೊದಲದೆ ಬಂತು.

ಅವಳು ಬೇಡಿಕೊಂಡಿದ್ದ ಆ ಒಂದು ದಿನ ಸಿಕ್ಕಿತ್ತು. ನಡ ಇನ್ನೂ ನೋಯುತ್ತಿತ್ತು, ಬಸ್ಸಿಗೆ ಹೊತ್ತಾಗುತ್ತಿತ್ತು. ಅವಳು ಮತ್ತೆ ಕೂತು, ಅಪ್ಪ ಎಡಗೈಯಲ್ಲಿ ನೀರು ಹೊಯ್ದುಕೊಳ್ಳುವ ಸದ್ದನ್ನು ಮುಗಿಯುವವರೆಗೂ ಕೇಳುತ್ತಿದ್ದಳು.