ನಾಲ್ಕನೇ ಕಿಂಡಿ

ರಿಪೇರಿಯವನನ್ನು ಕರೆಸಲು ನನಗೆ ಸುತರಾಂ ಇಷ್ಟವಿರಲಿಲ್ಲ. ಕಂಪ್ಯೂಟರ್ ಕೈಕೊಟ್ಟು ಆರು ದಿನವಾಗಿತ್ತು. ಆರು ದಿನವೂ ನಾನು ತುಟಿ ಪಿಟಕ್ ಅನ್ನದೆ ಇದ್ದೆ. ಏಳನೆಯ ದಿನ ಬೆಳಿಗ್ಗೆ ಆಫೀಸಿನ ಮೇಲ್ವಿಚಾರಕಿ ಫೋನ್ ಮಾಡಿ, "ನಾಳೆ ಮಧ್ಯಾಹ್ನದೊಳಗೆ ಮೂರು ಫೈಲೂ ಬರ್ಲಿಲ್ಲ ಅಂದ್ರೆ ಈ ಕೆಲಸ ಬೇರೆಯವರಿಗೆ ಕೊಡ್ಬೇಕಾಗತ್ತೆ. ಬೇಜಾರು ಮಾಡ್ಕೋಬೇಡಿ" ಅಂದಳು. ಬೇಜಾರು ಮಾಡಿಕೊಳ್ಳದೆ ಕುಣಿಯಲೇ?

ನನ್ನದು ಕಿವಿಯ ಕೆಲಸ. ವಿಚಾರಣೆಗಳಲ್ಲಿ ಜನ ಆಡಿದ ಮಾತನ್ನು ರೆಕಾರ್ಡ್ ಮಾಡಿ ಕಳಿಸುತ್ತಾರೆ. ನಾನು ಹೆಡ್‌ಫೋನ್ ಹಾಕಿಕೊಂಡು ಕೇಳಿ ಅಕ್ಷರ ಬಿಡದೆ ಟೈಪ್ ಮಾಡುತ್ತೇನೆ. ಕೈಗಳೆರಡೂ ಕೀಬೋರ್ಡಿನ ಮೇಲಿರುವುದರಿಂದ ರೆಕಾರ್ಡಿಂಗ್ ನಡೆಸುವುದು ಕಾಲು. ಮೇಜಿನ ಕೆಳಗೆ ಒಂದು ಪೆಡಲ್ ಇದೆ. ನಡುವೆ ಒತ್ತಿದರೆ ಮಾತು ಓಡುತ್ತದೆ, ಕಾಲು ಎತ್ತಿದರೆ ನಿಲ್ಲುತ್ತದೆ, ಎಡಗಡೆ ತಟ್ಟಿದರೆ ಮೂರು ಸೆಕೆಂಡ್ ಹಿಂದಕ್ಕೆ ಹೋಗಿ ಅದೇ ಮಾತು ಮತ್ತೆ ಬರುತ್ತದೆ. ಇಪ್ಪತ್ತೆರಡು ವರ್ಷದಿಂದ ಹೀಗೇ ತುಳಿದುಕೊಂಡು ಬಂದಿದ್ದೇನೆ. ಗೊಣಗುವವರು, ತೊದಲುವವರು, ಅಳುತ್ತಾ ಮಾತಾಡುವವರು, ಯಾರ ಮಾತನ್ನೂ ಬಿಟ್ಟವಳಲ್ಲ. ಬಿಟ್ಟಿದ್ದು ಒಬ್ಬರದ್ದು ಮಾತ್ರ.

ರಿಪೇರಿಯವನು ಬಂದ. ನಲವತ್ತರ ಆಸುಪಾಸು, ಹೆಗಲಲ್ಲಿ ದೊಡ್ಡ ಬ್ಯಾಗು, ಕಾಲಲ್ಲಿ ತೂತುಬಿದ್ದ ಕಾಲುಚೀಲ. ಪೆಡಲ್ ಒತ್ತಿ ನೋಡಿದ, ಪರದೆಯಲ್ಲಿ ಏನೇನೋ ಪಟ್ಟಿ ತೆಗೆದ, ನಕ್ಕ.

"ಅಮ್ಮಾ, ನಿಮ್ಮ ಕಂಪ್ಯೂಟರ್‌ಗೆ ತಲೆ ಕೆಟ್ಟಿದೆ. ಈ ಪೆಡಲನ್ನ ಜಾಯ್‌ಸ್ಟಿಕ್ ಅಂದ್ಕೊಂಡ್ಬಿಟ್ಟಿದೆ. ವಿಮಾನ ಹಾರ್ಸೋ ಆಟ ಇರತ್ತಲ್ಲ, ಅದರ ಹಿಡಿ."

"ಗೊತ್ತು" ಅಂದೆ.

"ಗೊತ್ತಾ? ಗೊತ್ತಿದ್ದೂ ಆರು ದಿನ ಸುಮ್ನೆ ಕೂತಿದ್ರಾ?"

"ನಿನ್ನ ಕೈಗೆ ಕೆಲಸ ಕೊಟ್ಟಿದ್ದೀನಿ, ಬಾಯಿಗಲ್ಲ."

ಅವನು ಬೇಸರಪಡಲಿಲ್ಲ. ನನ್ನಂಥವರನ್ನು ದಿನಕ್ಕೆ ನಾಲ್ಕು ಜನರನ್ನು ನೋಡುತ್ತಾನೇನೋ. "ಇಷ್ಟೊಂದು ಕಲಸುಮೇಲೋಗರ ಆಗಿದ್ರೆ ಎಲ್ಲಾ ಅಳಿಸಿ ಹೊಸದಾಗಿ ಹಾಕೋದೇ ವಾಸಿ" ಅಂದ.

"ಅಳಿಸೋ ಮಾತು ಎತ್ತಿದ್ರೆ ಈಗ್ಲೇ ಎದ್ದು ನಡಿ!" ನನ್ನ ದನಿ ನನಗೇ ಹೆಚ್ಚಾಯಿತು. ಅವನು ಮೌಸಿನಿಂದ ಕೈ ತೆಗೆದು ನನ್ನ ಮುಖ ನೋಡಿದ. ಹೇಳದೆ ವಿಧಿಯಿರಲಿಲ್ಲ.

ನಮ್ಮನೆಯವರು ಲಿಫ್ಟ್ ಮೆಕ್ಯಾನಿಕ್. ಕಂಡಕಂಡದ್ದಕ್ಕೆಲ್ಲ ನಂಬರ್ ಅಂಟಿಸುವ ಚಾಳಿ. ಅಡುಗೆಮನೆಯ ಡಬ್ಬಿಗಳನ್ನೂ ಬಿಟ್ಟಿರಲಿಲ್ಲ. ಉಪ್ಪಿನದು ಏಳು, ಇವತ್ತಿಗೂ ಏಳೇ. ಈ ಕಂಪ್ಯೂಟರಿನ ಹಿಂಬದಿಯ ಕಿಂಡಿಗಳಿಗೂ ಬಿಳಿ ಟೇಪಿನಲ್ಲಿ ನಂಬರ್ ಬರೆದು, ಯಾವುದನ್ನು ಚುಚ್ಚಿದರೂ ಪರದೆಯ ಮೂಲೆಯಲ್ಲಿ ಒಂದು ಸಾಲು ಬರುವ ಹಾಗೆ ತಾವೇ ಮಾಡಿದ್ದರು. ಕೀಬೋರ್ಡ್ ಹಾಕಿದರೆ "ಕೈ ಹಾಜರ್." ನನ್ನ ಪೆಡಲ್ ಹಾಕಿದರೆ "ಕಾಲು ಹಾಜರ್." ಐದು ಸೆಕೆಂಡ್ ಇದ್ದು ಹೋಗುತ್ತಿತ್ತು. ಮಕ್ಕಳಾಟ ಅಂತ ಬೈಯುತ್ತಿದ್ದೆ.

ಸಂಜೆ ನಾನು ಎದ್ದ ಮೇಲೆ ಕುರ್ಚಿ ಅವರದ್ದು. ಒಂದು ಕಪ್ಪು ಜಾಯ್‌ಸ್ಟಿಕ್ ಚುಚ್ಚಿಕೊಂಡು ವಿಮಾನ ಹಾರಿಸುತ್ತಿದ್ದರು. ಜೀವನವಿಡೀ ಲಿಫ್ಟಿನಲ್ಲಿ ಮೇಲೆ ಕೆಳಗೆ ಹೋದವರಿಗೆ ಉದ್ದಕ್ಕೆ ಹೋಗುವ ಆಸೆ. ನಾನು ಆ ಜಾಯ್‌ಸ್ಟಿಕ್ಕಿಗೆ ಸವತಿ ಅಂತ ಹೆಸರಿಟ್ಟಿದ್ದೆ. ಒಂದು ರಾತ್ರಿ ಅದೇ ವಿಷಯಕ್ಕೆ ಜಗಳವಾಯಿತು, ನಾನೇ ತೆಗೆದದ್ದು. ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಹೊರಟವರು ಬಾಗಿಲಲ್ಲಿ ನಿಂತು ಎಂದಿನಂತೆ "ಹೋಗ್ಬರ್ತೀನಿ ಕಣೇ" ಅಂದರು. ನಾನು ಹೆಡ್‌ಫೋನ್ ಹಾಕಿಕೊಂಡಿದ್ದೆ. ಕೇಳಿಸಿತು. ಕಾಲು ಪೆಡಲಿನ ಮೇಲಿರಲಿಲ್ಲ, ಕಿವಿಯಲ್ಲಿ ಯಾರ ಮಾತೂ ಇರಲಿಲ್ಲ, ಚೆನ್ನಾಗಿಯೇ ಕೇಳಿಸಿತು. ಆದರೂ ತಿರುಗಲಿಲ್ಲ. ಸಾಯಂಕಾಲ ಬರಲಿ, ಆಗ ನೋಡೋಣ ಅಂದುಕೊಂಡೆ. ಬಸ್ ಸ್ಟಾಪಿನಲ್ಲೇ ಎದೆ ಹಿಡಿದುಕೊಂಡು ಕುಸಿದರಂತೆ.

ತಿಂಗಳು ತುಂಬುವುದರೊಳಗೆ ಸವತಿಯನ್ನು ಮೈದುನನ ಮಗನಿಗೆ ಕೊಟ್ಟು ಕಳಿಸಿದೆ. ಅವನು ಅದನ್ನು ಮುರಿದೂ ಆಯಿತು. ಅವರು ಹೋಗಿ ಈಗ ಒಂದು ವರ್ಷ ಮೂರು ತಿಂಗಳು.

ಹೋದ ವಾರ ಮೇಜಿನ ಹಿಂದೆ ಗುಡಿಸಲು ಎಲ್ಲ ವೈರೂ ಕಿತ್ತು, ಕನ್ನಡಕವಿಲ್ಲದೆ ತಡಕಾಡಿ ಮತ್ತೆ ಚುಚ್ಚಿದೆ. ಪೆಡಲ್ ಚುಚ್ಚಿದಾಗ ಮೂಲೆಯಲ್ಲಿ "ಕಾಲು ಹಾಜರ್" ಬರಲಿಲ್ಲ. ಬಂದ ಸಾಲು ಬೇರೆ: "ನಾನು ಬಂದೆ ಕಣೇ."

ಈ ಸಾಲನ್ನು ನಾನು ಯಾವತ್ತೂ ನೋಡಿರಲಿಲ್ಲ, ಆದರೆ ಜಾಯ್‌ಸ್ಟಿಕ್ಕಿನದೇ ಅಂತ ಥಟ್ಟನೆ ಹೊಳೆಯಿತು. ಅವರು ಜಾಯ್‌ಸ್ಟಿಕ್ ಹಾಕುವ ಹೊತ್ತಿಗೆ ನಾನು ಮುಖ ತಿರುಗಿಸಿಕೊಂಡು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುತ್ತಿದ್ದೆ. ಅಂದಿನಿಂದ ದಿನಾ ಬೆಳಿಗ್ಗೆ ಕಂಪ್ಯೂಟರ್ ಹಚ್ಚುವುದು, ಆ ಸಾಲು ಓದುವುದು. ಪೆಡಲ್ ಸತ್ತ ಹಾಗಿತ್ತು, ಮೌಸಿನಲ್ಲೇ ನಿಲ್ಲಿಸಿ, ನಡೆಸಿ, ಒಂದು ಗಂಟೆಯ ಕೆಲಸಕ್ಕೆ ನಾಲ್ಕು ಗಂಟೆ ಹಿಡಿಯುತ್ತಿತ್ತು. ಹಿಡಿಯಲಿ ಅಂತಿದ್ದೆ. ವೈರ್ ಮುಟ್ಟಿದರೆ ಆ ಸಾಲು ಮತ್ತೆ ಬರದೇ ಹೋದರೆ? ಈಗ ಕೆಲಸಕ್ಕೇ ಕುತ್ತು ಬಂದಿತ್ತು.

ಇಷ್ಟನ್ನೂ ಅವನಿಗೆ ಹೇಳಲಿಲ್ಲ. ಬಾಗಿಲಿನ ಸಂಗತಿ ಯಾರಿಗೂ ಹೇಳಿದವಳಲ್ಲ. "ನಮ್ಮನೆಯವರು ಬರೆದಿಟ್ಟದ್ದು ಒಳಗಿದೆ, ಒಂದಕ್ಷರ ಹೋಗಬಾರ್ದು, ಪೆಡಲೂ ನಡೀಬೇಕು" ಅಂತಷ್ಟೇ ಅಂದೆ.

ಅವನು ಆಮೇಲೆ ಅಳಿಸುವ ಸುದ್ದಿ ಎತ್ತಲಿಲ್ಲ. ಅರ್ಧ ಗಂಟೆ ಹುಡುಕಿ ಒಂದು ಫೈಲ್ ತೆರೆದ. ಓದುತ್ತಾ ಓದುತ್ತಾ ಅವನ ಮುಖವೇ ಬದಲಾಯಿತು.

"ಭಲೇ! ಅಮ್ಮಾ, ಯಜಮಾನರು ಸಾಮಾನ್ಯದವರಲ್ಲ. ನೋಡಿ, ಯಾವುದೇ ಸಾಮಾನು ಚುಚ್ಚಿದ್ರೂ ಅದು ತನ್ನ ಗುರುತಿನ ನಂಬರ್ ಹೇಳತ್ತೆ. ನಿಮ್ಮ ಪೆಡಲು, ಆ ಜಾಯ್‌ಸ್ಟಿಕ್ಕು, ಎರಡೂ ಅಗ್ಗದ ಮಾಲು, ಎರಡೂ ಒಂದೇ ನಂಬರ್ ಹೇಳ್ತವೆ. ಕಂಪ್ಯೂಟರ್‌ಗೆ ಯಾರು ಯಾರು ಅಂತ ಗೊತ್ತಾಗಲ್ಲ. ಅದಕ್ಕೆ ಅವರು ಪೋರ್ಟ್ ಮೇಲೆ, ಅಂದ್ರೆ ಹಿಂದಿನ ಈ ಕಿಂಡಿಗಳ ಮೇಲೆ ಕಟ್ಟಿಹಾಕಿದ್ದಾರೆ. ಎರಡನೇ ಪೋರ್ಟಿಗೆ ಬಂದ್ರೆ ಪೆಡಲ್, ನಾಲ್ಕಕ್ಕೆ ಬಂದ್ರೆ ಜಾಯ್‌ಸ್ಟಿಕ್. ನೀವು ನಾಲ್ಕಕ್ಕೆ ಹಾಕಿದ್ದೀರಿ, ಅಷ್ಟೇ."

"ಅಷ್ಟೇನಾ?"

"ಅಷ್ಟೇ. ಕಿತ್ತು ಎರಡಕ್ಕೆ ಹಾಕಿದ್ರೆ ಮುಗೀತು. ಇದನ್ನ ರಿಪೇರಿ ಅಂತ ಹೇಳ್ಕೊಳಕ್ಕೂ ನಾಚ್ಕೆ ನಂಗೆ."

ಕೀಳು ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ. ಮೇಲ್ವಿಚಾರಕಿಯ ಮಾತು ನೆನೆದು ತಲೆಯಾಡಿಸಿದೆ. ಅವನು ಮೇಜಿನ ಹಿಂದೆ ಬಗ್ಗಿ ನಾಲ್ಕನೇ ಕಿಂಡಿಯಿಂದ ವೈರ್ ಕಿತ್ತ.

ಪರದೆಯ ಮೂಲೆಯಲ್ಲಿ ಇನ್ನೊಂದು ಸಾಲು ಬಂತು.

"ಹೋಗ್ಬರ್ತೀನಿ ಕಣೇ."

ಐದು ಸೆಕೆಂಡ್ ಎಷ್ಟು ಹೊತ್ತು? ಬಾಯಿ ತೆರೆಯುವುದರೊಳಗೆ ಸಾಲು ಹೋಗಿಬಿಟ್ಟಿತು. ಮತ್ತೆ ತಪ್ಪಿಸಿಕೊಂಡೆ. ನನ್ನ ಎಡಗಾಲು ತನ್ನಷ್ಟಕ್ಕೆ ತಾನೇ ಪೆಡಲಿನ ಎಡಗಡೆ ತಟ್ಟುತ್ತಿತ್ತು. ವೈರೇ ಇಲ್ಲದ ಪೆಡಲು, ಏನು ಹಿಂದಕ್ಕೆ ಬಂದೀತು?

"ಮತ್ತೆ ಹಾಕಪ್ಪಾ" ಅಂದೆ.

"ಎರಡಕ್ಕೆ ತಾನೇ?"

"ಅಲ್ಲ. ನಾಲ್ಕಕ್ಕೆ. ಹಾಕಿ ಕೀಳು."

"ಯಾಕಮ್ಮಾ?"

"ಹಾಕು ಅಂದ್ರೆ ಹಾಕಯ್ಯಾ! ನಿನ್ನ ಗಂಟೇನು ಹೋಗತ್ತೆ?"

ಹಾಕಿದ. ನಾನು ಬಂದೆ ಕಣೇ. ನಾನು ಕುರ್ಚಿಯನ್ನು ಪರದೆಯ ಕಡೆಗೆ ಸರಿಯಾಗಿ ತಿರುಗಿಸಿಕೊಂಡೆ, ಕುತ್ತಿಗೆಗೆ ನೇತಾಡುತ್ತಿದ್ದ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ, ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ಹೂಂ, ಈಗ ಕೀಳು."

ಹೋಗ್ಬರ್ತೀನಿ ಕಣೇ.

"ಹೂಂ, ಹೋಗ್ಬನ್ನಿ" ಅಂದೆ. "ಹುಷಾರು. ಬಸ್ಸು ಸಿಕ್ಕದಿದ್ರೆ ಆಟೋ ಹಿಡೀರಿ, ಬಿಸಿಲಲ್ಲಿ ನಿಂತ್ಕೋಬೇಡಿ. ಸಂಜೆ ಬೇಗ ಬನ್ನಿ. ವಿಮಾನ ಹಾರಿಸ್ಕೊಳ್ಳಿ ಬೇಕಾದ್ರೆ, ನಾನೇನೂ ಅನ್ನಲ್ಲ."

ಐದು ಸೆಕೆಂಡ್ ಎಂದೋ ಮುಗಿದಿತ್ತು. ಮುಗಿದ ಮೇಲೂ ಹೇಳಿದೆ.

ಮೇಜಿನ ಹಿಂದಿನಿಂದ ರಿಪೇರಿಯವನ ತಲೆ ಮೇಲೆ ಬಂತು, ಮೂಗಿನ ಮೇಲೆ ಜೇಡರ ಬಲೆ. "ನಾನಿನ್ನೂ ಹೊರಟಿಲ್ಲಮ್ಮಾ" ಅಂದ.

"ನಿನಗಲ್ಲ ಕಣಪ್ಪಾ."

ಅವನು ಪರದೆ ನೋಡಿದ, ನನ್ನನ್ನು ನೋಡಿದ. ಪುಣ್ಯಾತ್ಮ, ವೈರನ್ನು ಎರಡಕ್ಕೆ ಚುಚ್ಚಿದ. "ಕಾಲು ಹಾಜರ್" ಬಂತು. ಹೆಡ್‌ಫೋನ್ ಹಾಕಿಕೊಂಡು ಒತ್ತಿದೆ, ಕಿವಿಯಲ್ಲಿ ಯಾರೋ ತಮ್ಮ ವಿಳಾಸ ಹೇಳತೊಡಗಿದರು.

ನಾಲ್ಕನೇ ಕಿಂಡಿಯ ಟೇಪಿನ ಅಂಚು ಎದ್ದಿತ್ತು. ಅವನು ತಾನಾಗಿಯೇ ಅದನ್ನು ಉಗುರಿನಿಂದ ತಿಕ್ಕಿ ಕೂರಿಸಿ ಬ್ಯಾಗ್ ಹೆಗಲಿಗೆ ಹಾಕಿಕೊಂಡ. ನಾನು ಅಷ್ಟರಲ್ಲೇ ಮೊದಲ ಫೈಲಿಗೆ ಇಳಿದಿದ್ದೆ, ನಾಳೆ ಮಧ್ಯಾಹ್ನದ ಗಡುವು ಬೇರೆ ತಲೆಯ ಮೇಲಿತ್ತು. ಬಾಗಿಲಲ್ಲಿ ನಿಂತು ಅವನು ಏನೋ ಅಂದ.

ನಾನು ಕಾಲು ಎತ್ತಿದೆ. ಹೆಡ್‌ಫೋನ್ ತೆಗೆದೆ, ಪೂರ್ತಿ ತಿರುಗಿದೆ.

"ಏನಂದ್ಯಪ್ಪಾ?"

"ಬರ್ತೀನಮ್ಮಾ ಅಂದೆ."

"ಹೂಂ" ಅಂದೆ. "ಹೋಗ್ಬಾ."