ಬಾಣದಕ್ಕ

"ಇದು ಹೀಗಾಗಿ ಎಷ್ಟು ದಿನ ಆಯ್ತು?" ಎಂದು ಕೇಳಿದ ಡಾಕ್ಟರು ಕಾಲಿನ ಮೇಲಿಂದ ತಲೆ ಎತ್ತಲಿಲ್ಲ. ಕೇಳಿದ್ದು ಮಂಚದ ಮೇಲೆ ಮಲಗಿದ್ದ ಗಂಡನನ್ನು. ಅವನು ಡಾಕ್ಟರನ್ನೂ ನೋಡಲಿಲ್ಲ, ತನ್ನ ಕಾಲನ್ನೂ ನೋಡಲಿಲ್ಲ. ಪಕ್ಕದಲ್ಲಿ ಬ್ಯಾಗು ಹಿಡಿದು ನಿಂತಿದ್ದ ಹೆಂಡತಿಯ ಮುಖ ನೋಡಿದ.

ಆ ನೋಟವನ್ನು ಅವಳು ಬೇರೆಲ್ಲೋ ಕಂಡಿದ್ದಳು. ದಿನವೂ ಕಾಣುತ್ತಿದ್ದಳು. ಎಲ್ಲಿ ಎಂದು ಮಾತ್ರ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

"ನಾಕು ದಿನ ಆಗಿರ್ಬೇಕು," ಎಂದ ಗಂಡ.

ನರ್ಸು ಬೆರಳಿಗೆ ಅಂಟಿಕೊಂಡಿದ್ದ ಕಾಲುಚೀಲವನ್ನು ಕತ್ತರಿಯಿಂದ ಚೂರುಚೂರಾಗಿ ಬಿಡಿಸುತ್ತಿದ್ದಳು. ವಾಸನೆ ಕೋಣೆಯನ್ನೆಲ್ಲ ತುಂಬಿತು. ಹೆಬ್ಬೆರಳು ಬೆರಳಿನ ಬಣ್ಣದಲ್ಲಿ ಉಳಿದಿರಲಿಲ್ಲ. ಅಲ್ಲಿಂದ ಹೊರಟ ಕಪ್ಪು, ಪಾದದ ನಡುವಿನವರೆಗೆ ಬಂದು, ಮುಂದೆ ಹೋಗಲೋ ಬೇಡವೋ ಎಂಬಂತೆ ನಿಂತಿತ್ತು.

"ನಾಕು ದಿನಕ್ಕೆ ಹೀಗಾಗಲ್ಲ ಯಜಮಾನ್ರೇ. ಸಕ್ಕರೆ ಕಾಯಿಲೆ ಇರೋ ಮೈ ನಿಮ್ದು. ನಿಜ ಹೇಳಿ, ನಾನು ಬೈಯಲ್ಲ."

ಗಂಡ ಮತ್ತೊಮ್ಮೆ ಹೆಂಡತಿಯ ಮುಖ ನೋಡಿದ.

"ಒಂದೂವರೆ ತಿಂಗಳು," ಎಂದಳು ಬಾಗಿಲ ಬಳಿ ನಿಂತಿದ್ದ ಮಗಳು. "ಹೊಸ ಬೂಟು ಕಚ್ಚಿ ಗುಳ್ಳೆ ಆಯ್ತು. ಆಮೇಲೆ ಒಡೀತು. ನಾನೇ ಮುಲಾಮು ಹಚ್ಚಿ ಬಟ್ಟೆ ಕಟ್ತಿದ್ದೆ."

ಹೊಸ ಬೂಟು. ತುದಿ ಚೂಪಾದ, ಕಂದು ಬಣ್ಣದ, ಅಂಗಡಿಯ ಕನ್ನಡಿಯ ಮುಂದೆ ಗಂಡ ಎರಡೆರಡು ಸಲ ತಿರುಗಿ ನೋಡಿಕೊಂಡಿದ್ದ ಬೂಟು. ಅದು ನೆನಪಾದದ್ದೇ ತಡ, ಮಾತು ತಾನಾಗಿ ಹೆಂಡತಿಯ ಬಾಯಿಂದ ಹೊರಬಿತ್ತು.

"ನಾನು ಹೇಳಿದ್ನೋ ಇಲ್ವೋ? ಈ ಬೂಟು ಬೇಡ ಅಂತ ಅಂಗಡೀಲೇ ಹೇಳಿದ್ನೋ ಇಲ್ವೋ?"

ಕತ್ತರಿ ನಿಂತಿತು. ಡಾಕ್ಟರು ಮೊದಲ ಸಲ ತಲೆ ಎತ್ತಿ ಅವಳನ್ನು ನೋಡಿದರು. ಗಂಡ ಕಣ್ಣು ಮುಚ್ಚಿಕೊಂಡ. ಬರಬೇಕಾದದ್ದು ಕೊನೆಗೂ ಬಂತಲ್ಲ ಎಂಬ ಒಂದು ಬಗೆಯ ನೆಮ್ಮದಿ ಆ ಮುಖದಲ್ಲಿತ್ತು.

ತಪ್ಪು ಹುಡುಕುವುದು ಅವಳ ಕಸುಬು. ಮಕ್ಕಳ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ, ಉದ್ದನೆಯ ಒಂದು ಸಾಲು ಯಂತ್ರಗಳ ಕೊನೆಗೆ ಅವಳ ಮೇಜು. ಹೊಲಿದು ಬಂದ ಅಂಗಿ, ಕೋಟು, ಫ್ರಾಕುಗಳನ್ನು ದೀಪದ ಕೆಳಗೆ ಹರಡಿ, ಸೊಟ್ಟ ಹೊಲಿಗೆ, ಬಿಟ್ಟ ಹೊಲಿಗೆ, ಜೋತ ದಾರ ಕಂಡಲ್ಲೆಲ್ಲ ಕೆಂಪು ಬಾಣದ ಸ್ಟಿಕ್ಕರು ಅಂಟಿಸಿ ಹೊಲಿದವಳಿಗೇ ಹಿಂದಕ್ಕೆ ಕಳಿಸಬೇಕು. ಬಾಣದ ಜೊತೆಗೆ ನಾಲ್ಕು ಮಾತು ಕಳಿಸುವುದು ಅವಳದೇ ಸೇರ್ಪಡೆ. ಹೆಂಗಸರು ಅವಳಿಗೆ ಬಾಣದಕ್ಕ ಎಂದು ಹೆಸರಿಟ್ಟಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಗೌರವಕ್ಕೆ ಇಟ್ಟದ್ದೆಂದೇ ತಿಳಿದಿದ್ದಳು.

ಅಂಥ ಹದ್ದಿನ ಕಣ್ಣಿಗೆ, ಮನೆಯೊಳಗೂ ಕಾಲುಚೀಲ ಹಾಕಿಕೊಂಡು ಓಡಾಡುವ ಗಂಡ ಕಂಡಿರಲಿಲ್ಲವೇ? ಕಂಡಿದ್ದ. "ಈ ಸೆಕೇಲಿ ಇದೇನ್ರೀ ಸೋಗು? ಒಗೆಯೋರು ಯಾರು?" ಎಂದು ಗದರಿದ್ದಳು. ಮಾರನೆಯ ದಿನದಿಂದ ಅವನೇ ಬಚ್ಚಲಿನ ಬಾಗಿಲು ಹಾಕಿಕೊಂಡು ಒಗೆದುಕೊಳ್ಳುತ್ತಿದ್ದ. ಅದೂ ಕಂಡಿತ್ತು. ಸದ್ಯ, ಬುದ್ಧಿ ಬಂತು ಅಂದುಕೊಂಡಿದ್ದಳು.

ಆಸ್ಪತ್ರೆಯ ಹೊರಸಾಲಿನಲ್ಲಿ ಕಾಲೇಜು ಓದುವ ಮಗಳು ಗೋಡೆಗೆ ಒರಗಿ ನಿಂತಿದ್ದಳು. ಒಳಗೆ ಡಾಕ್ಟರು ಕಾಗದಗಳಿಗೆ ಗಂಡನ ಸಹಿ ಹಾಕಿಸಿಕೊಳ್ಳುತ್ತಿದ್ದರು. ಬೆರಳಷ್ಟೇ ತೆಗೆದರೆ ಸಾಲದು, ಮೊಣಕಾಲ ಕೆಳಗೆ ತೆಗೆಯಬೇಕು ಎಂದಿದ್ದರು.

"ನನಗೆ ಯಾಕೆ ಹೇಳ್ಲಿಲ್ಲ ಕಣೇ?"

"ಅಪ್ಪ ಬೇಡ ಅಂದ್ರು."

"ಅಪ್ಪ ಅಂದ್ರೆ ಆಗೋಯ್ತಾ? ನಿನಗೆ ಬುದ್ಧಿ ಎಲ್ಲಿ ಹೋಗಿತ್ತು?"

"ಹೇಳಿದ್ರೆ ನೀನೇನು ಮಾಡ್ತಿದ್ದೆ?"

"ಏನು ಮಾಡ್ತಿದ್ದೆ ಅಂದ್ರೇನು? ಆವತ್ತೇ ಇಲ್ಲಿಗೆ ಎಳ್ಕೊಂಡು ಬರ್ತಿದ್ದೆ."

"ಅದಕ್ಕೆ ಮುಂಚೆ?"

ತಾಯಿಗೆ ಪ್ರಶ್ನೆ ಅರ್ಥವಾಗಲಿಲ್ಲ, ಅಥವಾ ಅರ್ಥವಾಗದವಳಂತೆ ನಿಂತಳು.

"ಇಲ್ಲಿಗೆ ಕರ್ಕೊಂಡು ಬರೋದಕ್ಕೆ ಮುಂಚೆ ಏನು ಮಾಡ್ತಿದ್ದೆ, ಹೇಳಮ್ಮ." ಮಗಳ ದನಿಯಲ್ಲಿ ಸಿಟ್ಟಿರಲಿಲ್ಲ. ದಾರಿ ತಪ್ಪಿದವರು ವಿಳಾಸ ಕೇಳುವ ಹಾಗಿತ್ತು.

"ನಾನು ಏನಂದ್ರೂ ನಿಮ್ಮ ಒಳ್ಳೇದಕ್ಕೇ..."

"ಹೂಂ. ಒಳ್ಳೇದಕ್ಕೇ," ಎಂದಳು ಮಗಳು. ಗೋಡೆ ಬಿಟ್ಟು ಒಳಗೆ ಹೋದಳು.

ಹಿಂದೊಮ್ಮೆ ಕಾರ್ಖಾನೆಗೆ ಒಬ್ಬ ಭಾಷಣಕಾರ ಬಂದಿದ್ದ. ತನ್ನನ್ನು ತಾನು ತಿಳಿದುಕೊಂಡವನ ಬಾಳು ತುಂಬಿದ ಕೊಡದ ಹಾಗೆ ಎಂದೆಲ್ಲ ಹೇಳಿದ್ದ. ಅವಳು ಮುಂದಿನ ಸಾಲಿನಲ್ಲೇ ಕೂತು ತಲೆದೂಗಿದ್ದಳು. ಅವನ ಒಂದೊಂದು ಮಾತಿಗೂ ಒಬ್ಬೊಬ್ಬರ ಮುಖ ಎದುರಿಗೆ ಬಂದಿತ್ತು: ಇದು ನಮ್ಮ ನಾದಿನಿಗೆ ಹೇಳಿದ ಹಾಗಿದೆ, ಇದು ಆ ಗುಂಡಿ ಹಾಕುವವಳಿಗೆ, ಇದನ್ನು ನಮ್ಮ ಮನೆಯವರು ಬಂದು ಕೇಳಬೇಕಿತ್ತು. ಒಂದು ಮಾತೂ ಅವಳ ವಿಳಾಸಕ್ಕೆ ಬಂದಿರಲಿಲ್ಲ. ಹೊರಸಾಲಿನ ಬೆಂಚಿನ ಮೇಲೆ ಕೂತಾಗ ಆ ದಿನ ಯಾಕೆ ನೆನಪಾಯಿತೋ.

ಗಂಡ ಬ್ರೆಡ್ ವ್ಯಾನು ಓಡಿಸುತ್ತಿದ್ದವನು. ಹೋದದ್ದು ಬಲಗಾಲು. ಬೇಕರಿಯ ಮಾಲೀಕ ಒಂದು ಸಲ ಹಣ್ಣು ತಂದು ನೋಡಿಕೊಂಡು ಹೋದ. ಮುಂದಿನ ವಾರ ವ್ಯಾನಿಗೆ ಬೇರೆಯವನು ಬಂದ. ಮನೆಗೆ ಬಂದ ಮೇಲೆ ಗಂಡ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಇಲ್ಲದ ಪಾದವನ್ನು ಕೆರೆಯಲು ಬಗ್ಗುತ್ತಿದ್ದ. ಅರ್ಧಕ್ಕೆ ನೆನಪಾಗಿ ಕೈ ಹಿಂದಕ್ಕೆ ತೆಗೆಯುತ್ತಿದ್ದ.

ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಅದು ಸುಲಭವಾಗಿರಲಿಲ್ಲ. ನೀರಿನ ಲೋಟ ಉರುಳಿದರೆ, ಗುಳಿಗೆ ನುಂಗುವುದು ಮರೆತರೆ, ಟೀವಿಯ ದನಿ ಹೆಚ್ಚಾದರೆ ಮಾತು ಗಂಟಲಿಗೆ ಬಂದು ಹಲ್ಲಿಗೆ ಬಡಿಯುತ್ತಿತ್ತು. ಹಲ್ಲು ಕಚ್ಚಿ ತಡೆಯುತ್ತಿದ್ದಳು. ಹಾಗೆ ತಡೆಯುವಾಗ ಮುಖ ಹೇಗಾಗುತ್ತದೆಂದು ಅವಳಿಗೆ ಕಾಣುವಂತಿರಲಿಲ್ಲ, ಕಂಡದ್ದು ಗಂಡನಿಗೆ. ಒಂದು ಸಂಜೆ ಚಹಾ ಚೆಲ್ಲಿ ಹಾಸಿಗೆ ಒದ್ದೆಯಾದಾಗ, ಅವಳು ತುಟಿ ಬಿಗಿದುಕೊಂಡು ಒರೆಸತೊಡಗಿದ್ದಳು.

"ಏನಾದ್ರೂ ಅಂದ್ಬಿಡೇ," ಎಂದ ಅವನು.

"ಏನನ್ಲಿ?"

"ಏನಾದ್ರೂ. ನೀನು ಸುಮ್ನಿದ್ರೆ, ಯಾವಾಗ ಬೀಳುತ್ತೋ ಅಂತ ಕಾಯ್ತಾ ಕೂರ್ಬೇಕು."

ಅವಳು ಒದ್ದೆ ಬಟ್ಟೆಯನ್ನು ಬಚ್ಚಲಿಗೆ ಒಯ್ದು ಹಿಂಡಿದಳು. ಹಿಂಡಲು ನೀರು ಉಳಿಯದಿದ್ದರೂ ಹಿಂಡುತ್ತಲೇ ಇದ್ದಳು.

ಕೆಲಸಕ್ಕೆ ಮರಳಿ ಕೆಲವು ದಿನಗಳಾಗಿದ್ದವು. ಆ ಮಧ್ಯಾಹ್ನ, ಬಟ್ಟೆಯಲ್ಲಿ ಲೋಹ ಸಿಕ್ಕಿಕೊಂಡಿದ್ದರೆ ಕೂಗುವ ಯಂತ್ರ ಕೂಗಿಕೊಂಡಿತು. ಅದು ಕಾರ್ಖಾನೆಗೆ ಹೊಸದಾಗಿ ಬಂದಿತ್ತು. ಕೂಗಿಸಿದ್ದು ಅವಳದೇ ಸಾಲಿನಿಂದ ಹೋದ ಒಂದು ಪುಟ್ಟ ಕೋಟು. ಕಾಲರು ಬಿಚ್ಚಿ ನೋಡಿದರೆ, ಎರಡು ಪದರಗಳ ನಡುವೆ ಅರ್ಧ ಅಕ್ಕಿಕಾಳಿನಷ್ಟು ಸೂಜಿಯ ತುದಿ.

ಸೂಜಿಯ ವಿಷಯದಲ್ಲಿ ಅಲ್ಲಿ ಕಟ್ಟುನಿಟ್ಟು. ಸೂಜಿ ಮುರಿದರೆ ಯಂತ್ರ ನಿಲ್ಲಿಸಿ, ಎಲ್ಲ ಚೂರುಗಳನ್ನೂ ಹುಡುಕಿ, ಅವಳ ಚೆಕಿಂಗ್ ಮೇಜಿಗೆ ತಂದು ಜೋಡಿಸಿ ತೋರಿಸಬೇಕು. ಒಂದು ಚೂರು ಸಿಗದಿದ್ದರೂ ಹೊಸ ಸೂಜಿ ಇಲ್ಲ. ಅಲ್ಲಿಯವರೆಗೆ ಹೊಲಿದದ್ದನ್ನೆಲ್ಲ ಬಿಚ್ಚಿ ನೋಡಬೇಕು. ಬಾಣದಕ್ಕನ ಸಾಲಿನಲ್ಲಿ ಸೂಜಿ ಮುರಿಯುವುದು ಅಪರೂಪ. ಉಳಿದ ಸಾಲುಗಳಿಗೆ ಮ್ಯಾನೇಜರು ಅದನ್ನೇ ಎತ್ತಿ ತೋರಿಸುತ್ತಿದ್ದರು.

ಕಾಲರು ಕೂರಿಸುವವಳು ಕಿಟಕಿಯ ಹತ್ತಿರದ ಯಂತ್ರದವಳು, ಎಲ್ಲರೂ ಉದ್ದಜಡೆ ಎಂದೇ ಕರೆಯುವ ಹುಡುಗಿ. ಬಾಣದಕ್ಕ ಕೋಟು ಹಿಡಿದು ನಡೆದು ಬರುವಾಗ ಒಂದೊಂದೇ ಯಂತ್ರದ ಸದ್ದು ತಗ್ಗುತ್ತ ಬಂತು. ಉದ್ದಜಡೆ ತಲೆ ಎತ್ತಿ ಅವಳ ಮುಖ ನೋಡಿದಳು.

ಆಸ್ಪತ್ರೆಯ ಮಂಚದಿಂದ ಗಂಡ ನೋಡಿದ್ದ ನೋಟ ಅದೇ. ದಿನವೂ ಕಾಣುತ್ತಿದ್ದದ್ದು ಇಲ್ಲಿಯೇ.

"ಯಾವಾಗ ಮುರೀತಮ್ಮ?" ಎಂದು ಬಾಣದಕ್ಕ ಮೆಲ್ಲಗೆ ಕೇಳಿದಳು.

"ಏನಕ್ಕಾ?"

"ಸೂಜಿ. ಹೇಳು, ನಾನೇನೂ ಅನ್ನಲ್ಲ."

ಉದ್ದಜಡೆಯ ಕಣ್ಣಲ್ಲಿ ನೀರು ತುಂಬಿಕೊಂಡಿತು. "ಬೈದುಬಿಡಿ ಅಕ್ಕಾ. ಹಿಂಗೆ ಮೆತ್ತಗೆ ಮಾತಾಡ್ಬೇಡಿ, ಇನ್ನೂ ಹೆದರಿಕೆ ಆಗುತ್ತೆ. ನನ್ನ ಕೆಲಸ ಹೋಯ್ತಾ?"

ಹಿಂದೆ ಯಾರೋ ನಗು ತಡೆಯಲಾರದೆ ಕೆಮ್ಮಿದರು.

"ಕೆಲಸ ಹೋಗಲ್ಲ. ಹೊಸ ಸೂಜಿ ಎಲ್ಲಿಂದ ಬಂತು? ನನ್ನ ಹತ್ರ ಯಾರೂ ಕೇಳ್ಲಿಲ್ವಲ್ಲ."

ಉದ್ದಜಡೆ ಹಿಂದಕ್ಕೆ ತಿರುಗಿ ನೋಡಿದಳು. ಅವಳ ಹಿಂದಿನ ಯಂತ್ರದಿಂದ ಗುಂಡಿ ಹಾಕುವವಳು ಎದ್ದಳು. ಸಾಲಿನಲ್ಲಿ ಎಲ್ಲರಿಗಿಂತ ಹಿರಿಯಳು, ಬರುವ ವರ್ಷ ಕೆಲಸ ಬಿಡುವವಳು, ಹೆದರಿಕೆ ಸವೆದುಹೋದವಳು. ಊಟದ ಚೀಲದೊಳಗೆ ಕೈ ಹಾಕಿ ಪೆಪ್ಪರಮೆಂಟಿನ ತಗಡಿನ ಡಬ್ಬಿಯೊಂದನ್ನು ತೆಗೆದು ಮುಚ್ಚಳ ಬಿಚ್ಚಿದಳು. ಒಳಗೆ ಹೊಸ ಸೂಜಿಗಳೂ ಇದ್ದವು, ಮುರಿದ ತುಂಡುಗಳೂ ಇದ್ದವು.

"ಇಲ್ಲಿಂದ ಬಂತು. ಇಡೀ ಸಾಲಿಗೆ ಇದೇ ಡಬ್ಬಿ. ಎಲ್ರೂ ಸೇರಿ ಪೇಟೆಯಿಂದ ತಂದಿಟ್ಕೊಂಡಿದ್ದೀವಿ."

"ಯಾವಾಗಿಂದ?"

"ನೀವು ಆ ಮೇಜಿಗೆ ಬಂದಾಗಿಂದ."

"ಯಾಕೆ?" ಎಂದು ಕೇಳಬಾರದಿತ್ತು. ಕೇಳಿದಳು.

"ಸೂಜಿ ಮುರಿದದ್ದು ಸಂಜೆಗೆ ಮರೆತುಹೋಗುತ್ತೆ ತಾಯಿ," ಎಂದಳು ಗುಂಡಿ ಹಾಕುವವಳು. "ನಿಮ್ಮ ಮಾತು ಮನೆ ತನಕ ಬರುತ್ತೆ. ಉಣ್ಣೋಕೂ ಬಿಡಲ್ಲ, ಮಲಗೋಕೂ ಬಿಡಲ್ಲ."

ಬಾಣದಕ್ಕ ಡಬ್ಬಿಯನ್ನು ನೋಡಿದಳು. ಮುರಿದ ತುಂಡುಗಳಲ್ಲಿ ಹಲವಕ್ಕೆ ತುದಿ ಇರಲಿಲ್ಲ. ಆ ಕೂಗುವ ಯಂತ್ರ ಬರುವುದಕ್ಕೆ ಮುಂಚೆ ಈ ಸಾಲಿನಿಂದ ಹೋದ ಕೋಟುಗಳಿಗೆ ಲೆಕ್ಕವಿರಲಿಲ್ಲ. ಅವು ಈಗ ಎಲ್ಲೆಲ್ಲಿ, ಯಾವ ಯಾವ ಮಗುವಿನ ಕೊರಳ ಸುತ್ತ ಇದ್ದವೋ. ತಪ್ಪು ಬರಬಾರದೆಂದೇ ಅಲ್ಲವೇ ತಾನು ಅಷ್ಟೊಂದು ಕೂಗಾಡಿದ್ದು?

ಡಬ್ಬಿಯ ಮುಚ್ಚಳ ಹಾಕಿ ಕೈಗೆ ತೆಗೆದುಕೊಂಡಳು. "ಇನ್ಮೇಲೆ ಮುರಿದ್ರೆ ನನ್ನ ಹತ್ರ ತನ್ನಿ," ಎಂದಳು. ಒಂದೊಂದೇ ಯಂತ್ರ ಮತ್ತೆ ಸದ್ದು ಮಾಡತೊಡಗಿತು.

ಮ್ಯಾನೇಜರ ಕೋಣೆಯಲ್ಲಿ ನಿಂತು, ತಪ್ಪು ಹೊಲಿದವಳದಲ್ಲ, ತನ್ನ ಮೇಜಿನದು ಎಂದಳು. ಹಿಂದೆ ಹೋದ ಕೋಟುಗಳನ್ನೂ ವಾಪಸು ತರಿಸಿ ನೋಡಬೇಕು ಎಂದಳು. ಮ್ಯಾನೇಜರು ಫೋನಿನಿಂದ ಕಣ್ಣು ತೆಗೆದು ಮರುಕದಿಂದ ನೋಡಿದರು.

"ಮನೇಲಿ ಕಷ್ಟ ಇದೆ, ತಲೆ ಕೆಡಿಸ್ಕೊಂಡಿದ್ದೀರಿ. ಹೋದ ಮಾಲಿನ ಸುದ್ದಿ ಯಾರ ಮುಂದೇನೂ ಎತ್ತಬೇಡಿ. ನಿಮ್ಮ ಸಾಲಲ್ಲಿ ಎಲ್ರೂ ಹೆದರ್ಕೊಂಡು ಕೆಲಸ ಮಾಡ್ತಾರಲ್ಲ, ಅಷ್ಟು ಸಾಕು ನನಗೆ. ಇವತ್ತು ಬೇಗ ಮನೆಗೆ ಹೋಗಿ, ಸ್ವಲ್ಪ ಮಲಗಿ."

"ಸಾರ್, ಅದೇ ಹೆದರಿಕೆಯಿಂದಲೇ..." ಎಂದಳು. ಅವರ ಫೋನು ಬಡಿದುಕೊಂಡಿತು. ಕೈಯಾಡಿಸಿ ಬಾಗಿಲು ತೋರಿಸಿದರು.

ಅಷ್ಟು ಹೊತ್ತಿಗೇ ಮನೆ ಕಡೆ ಹೊರಟು ಅವಳಿಗೆ ಅಭ್ಯಾಸವಿರಲಿಲ್ಲ. ಬೀದಿಯಲ್ಲಿ ಬಿಸಿಲು ಇನ್ನೂ ಇತ್ತು. ಹೆಜ್ಜೆ ಇಟ್ಟಾಗಲೆಲ್ಲ ಬ್ಯಾಗಿನೊಳಗೆ ಡಬ್ಬಿ ಸದ್ದು ಮಾಡುತ್ತಿತ್ತು. ಮೆಟ್ಟಿಲು ಹತ್ತಿ, ಬೀಗದ ಕೈ ತೆಗೆದು, ಬಾಗಿಲಿಗೆ ಹಾಕಬೇಕೆನ್ನುವಷ್ಟರಲ್ಲಿ ಒಳಗಿನಿಂದ ಅವಳದೇ ದನಿ ಕೇಳಿಸಿತು.

"ನಾನು ಹೇಳಿದ್ನೋ ಇಲ್ವೋ? ಎರಡಿದ್ದಾಗ ಒಂದನ್ನೂ ನೆಟ್ಟಗೆ ಇಡ್ಲಿಲ್ಲ. ಈಗ ನೋಡಿ, ಒಂದು ಚಪ್ಪಲಿ ದಂಡ! ಅಂಗಡಿಯವ್ನು ಜೊತೆ ಜೊತೇನೇ ಮಾರ್ತಾನ್ರೀ, ಇನ್ನೊಂದನ್ನ ಯಾರ ತಲೆ ಮೇಲೆ ಇಡ್ಲಿ?"

ಮಗಳು. ಅದರ ಹಿಂದೆಯೇ ಗಂಡನ ನಗು. ಮೊದಲು ಉಸಿರು ಸಿಕ್ಕಿಕೊಂಡ ಹಾಗೆ, ಆಮೇಲೆ ತಡೆ ಒಡೆದು, ಹೊಟ್ಟೆಯಿಂದ.

"ಸಾಕು ಕಣೇ, ಹೊಲಿಗೆ ಬಿಚ್ಚಿಕೊಳ್ಳುತ್ತೆ," ಎಂದ. ಮತ್ತೆ ನಕ್ಕ. "ಮೂಗು ಮರೆತೆ ನೋಡು. ಆ ಮಾತು ಶುರು ಮಾಡೋಕೆ ಮುಂಚೆ ಒಂದ್ಸಲ ಮೂಗು ಏರಿಸ್ತಾಳೆ."

"ಹೀಗಾ?"

"ಹಾಂ, ಹಾಗೇ! ಸೊಂಟಕ್ಕೆ ಕೈ. ಎಡಗೈ, ಎಡಗೈ."

ಮಗಳು ಮೂಗು ಏರಿಸಿ ಮತ್ತೊಮ್ಮೆ ಮೊದಲಿಂದ ಹೇಳಿದಳು. ಬಾಗಿಲ ಹೊರಗೆ ನಿಂತವಳು ದೀಪದ ಕೆಳಗೆ ಬಟ್ಟೆ ಹರಡಿಕೊಂಡವಳಂತೆ ಒಂದೊಂದು ಮಾತನ್ನೂ ತಿರುಗಿಸಿ ನೋಡಿದಳು. ಎಳೆತ ಸರಿಯಾಗಿತ್ತು. ಕೊನೆಗೆ ದನಿ ಏರುವ ಜಾಗ ಸರಿಯಾಗಿತ್ತು. ಎಲ್ಲಿಯೂ ಬಾಣ ಅಂಟಿಸುವಂತಿರಲಿಲ್ಲ.

ಕಾಲು ಹೋದ ಮೇಲೆ ಅವನು ನಕ್ಕದ್ದನ್ನು ಅವಳು ಕೇಳಿರಲಿಲ್ಲ. ಅದಕ್ಕೆ ಮುಂಚೆ ಯಾವಾಗ ಕೇಳಿದ್ದು ಎಂದು ಯೋಚಿಸಿದಳು. ಸೊಂಟಕ್ಕೆ ಹೋಗಿದ್ದ ಎಡಗೈಯನ್ನು ಕೆಳಗಿಳಿಸಿದಳು.

ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು, ಸದ್ದಾಗದಂತೆ ಮೇಲಿನ ಮೆಟ್ಟಿಲ ಮೇಲೆ ಕೂತಳು. ಬ್ಯಾಗು ತೊಡೆಯ ಮೇಲೆ ಜಾರಿ, ಡಬ್ಬಿಯೊಳಗೆ ಸೂಜಿಗಳು ಒಮ್ಮೆ ಗಲಗಲ ಎಂದವು. ಒಳಗೆ ನಗು ಅರೆಕ್ಷಣ ನಿಂತಿತು.

ಅವಳು ಎರಡೂ ಕೈಗಳಿಂದ ಬ್ಯಾಗನ್ನು ಹೊಟ್ಟೆಗೆ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು ಕಾದಳು.

ಒಳಗೆ ಮಗಳು ಮೂಗು ಏರಿಸಿ ಮತ್ತೆ ಶುರು ಮಾಡಿದಳು.