ಬಿಳಿ ದ್ರಾಕ್ಷಿಯ ಔಷಧಿ

ಬೆನಕಪ್ಪನ ಹೆಂಡತಿ ಅಕ್ಕನಾಗಮ್ಮ ಹೊಟ್ಟೆತುಂಬ ಉಂಡು ತಿಂಗಳ ಮೇಲಾಗಿತ್ತು. ತುತ್ತು ಬಾಯಿಗಿಟ್ಟರೆ ಸಾಕು, ಹೊಟ್ಟೆ ತೊಳಸಿ ಮುಖ ತಿರುಗಿಸುತ್ತಿದ್ದಳು. ಶಿರಾಳಕೊಪ್ಪದ ಪಂಡಿತರು ದ್ರಾಕ್ಷಾಸವ ಕೊಟ್ಟು ಕೈಚೆಲ್ಲಿದರು. ಶಿವಮೊಗ್ಗದ ದೊಡ್ಡ ಡಾಕ್ಟರು ಹೇಗಾದರೂ ಮಾಡಿ ತಿನ್ನಿಸಿ, ಇಲ್ಲದಿದ್ದರೆ ಉಳಿಯುವುದು ಕಷ್ಟ ಎಂದರು. ಹೇಗೆ ತಿನ್ನಿಸಬೇಕೆಂದು ಮಾತ್ರ ಹೇಳಲಿಲ್ಲ. ದೊಡ್ಡ ಡಾಕ್ಟರುಗಳ ಮಾತೇ ಹಾಗೆ.

ಆ ವರ್ಷ ಮ್ಯಾಂಗನೀಸ್ ಅದಿರು ಹುಡುಕಲು ಬಂದ ಜರ್ಮನಿಯ ಸಾಹೇಬನೊಬ್ಬ ಸೊರಬದ ಬಂಗಲೆಯಲ್ಲಿ ಇಳಿದಿದ್ದ. ಅವನಿಗೆ ಅಕ್ಕಿ, ಸಕ್ಕರೆ, ಸೋಪು ಹೋಗುತ್ತಿದ್ದದ್ದು ಬೆನಕಪ್ಪನ ಅಂಗಡಿಯಿಂದ. ಅದಿರು ಸಿಗದೆ ಊರಿಗೆ ಹೊರಟಾಗ ಸಾಹೇಬ ಬಾಟಲಿಗಳ ಪೆಟ್ಟಿಗೆಯೊಂದನ್ನು ಬೆನಕಪ್ಪನ ಕೈಗಿಟ್ಟು ನಕ್ಕ. ಬಂಗಲೆಯ ಅಡುಗೆಯ ಕೆಂಪಪ್ಪ ವಿವರಿಸಿದ: "ಬಿಳಿ ದ್ರಾಕ್ಷಿದ್ರೀ ಸಾವ್ಕಾರ್ರೆ. ಅವ್ರ ದೇಶದಾಗೆ ಬಡವ್ರೂ ಕುಡಿಯೋ ಅಗ್ಗದ ಮಾಲಂತೆ. ಊಟಕ್ಕೆ ಮುಂಚೆ ಒಂದು ಗುಟುಕು ಹಾಕಿದ್ರೆ ಹೊಟ್ಟೆ ತಾನಾಗೇ ಹಸಿತೈತಂತೆ."

ಹಸಿವು ಎಂದದ್ದೊಂದೇ ಬೆನಕಪ್ಪನ ಕಿವಿಗೆ ಬಿದ್ದದ್ದು. ದ್ರಾಕ್ಷಾಸವವೂ ದ್ರಾಕ್ಷಿಯದೇ ಅಲ್ಲವೇ ಎಂದು ಊರಿಗೆ ಮರಳುವ ಬಸ್ಸಿನ ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಇದು ಹೆಂಡವೇ ಎಂದು ಮನಸ್ಸಿಗೆ ಗೊತ್ತಿತ್ತು.

ಏನು ಎತ್ತ ತಿಳಿಯದೆ ಕೊಡುವುದು ಹೇಗೆ? ಜನ್ಮದಲ್ಲಿ ಹೆಂಡ ಮುಟ್ಟದವನು ಅಂಗಡಿಯ ಹಿಂದಿನ ಉಗ್ರಾಣಕ್ಕೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಕೊರಳಿನ ಲಿಂಗವನ್ನು ಅದನ್ನಿಟ್ಟಿದ್ದ ಕರಡಿಗೆಯ ಸಮೇತ ತೆಗೆದು ಗೂಡಿನಲ್ಲಿಟ್ಟು ಕೈಮುಗಿದ. ಲಿಂಗ ಮೈಮೇಲಿದ್ದಾಗ ಕುಡಿಯುವ ಧೈರ್ಯ ಅವನಿಗಿರಲಿಲ್ಲ. ಬಿರಡೆಯನ್ನು ಮೊಳೆಯಿಂದ ಒಳಕ್ಕೇ ತಳ್ಳಿದ. ಮೊದಲನೆಯದು ಎಳೆ ಹುಣಸೆಯಷ್ಟು ಹುಳಿ, ಹಲ್ಲು ಚಳಿತವು. ಎರಡನೆಯದು ಮೂಗಿಗೆ ಹಿಡಿದರೆ ಸೀಮೆಎಣ್ಣೆ! ಎಣ್ಣೆ ಡಬ್ಬದ ಪಕ್ಕದಲ್ಲಿಟ್ಟು ಕೆಡಿಸಿದ್ದಾರೆಂದು ಸಾಹೇಬನನ್ನು ಬೈಯುತ್ತ ಅಷ್ಟನ್ನೂ ಚರಂಡಿಗೆ ಸುರಿದ. ಆ ವಾಸನೆಗಾಗಿಯೇ ಅದನ್ನು ಮೆಚ್ಚಿ ಕುಡಿಯುವವರಿದ್ದಾರೆಂದು ಪಾಪ, ಅವನಿಗೆ ಹೇಳುವವರಾರು? ಮೂರನೆಯದು ತಣ್ಣಗೆ, ತುಸು ಸಿಹಿ. ನುಂಗಿದ ಮೇಲೂ ಜೇನಿನ ವಾಸನೆ ಉಳಿಯಿತು. ಇದೇ ಸರಿ ಎಂದುಕೊಂಡ.

"ಏನ್ರೀ ಇದು?" ಎಂದಳು ಅಕ್ಕನಾಗಮ್ಮ.

"ಪಂಡಿತ್ರು ಕೊಟ್ಟ ಹೊಸ ಔಷಧಿ. ಕುಡಿ."

ಅವಳು ತನ್ನ ಲಿಂಗವನ್ನು ಎಡ ಅಂಗೈಯಲ್ಲಿ ಹಿಡಿದು, ಲೋಟವನ್ನು ಅದಕ್ಕೆ ಅರ್ಪಿಸಿ, ಆಮೇಲೆ ಕುಡಿದಳು. ಬರೀ ನೀರನ್ನೂ ಹಾಗೆಯೇ ಕುಡಿಯುವವಳು ಅವಳು. ಗಡಿಬಿಡಿಯಲ್ಲಿ ಬೆನಕಪ್ಪ ಅದನ್ನೇ ಮರೆತಿದ್ದ. ತಡೆಯಲು ಕೈ ಎತ್ತುವಷ್ಟರಲ್ಲಿ ಅವಳು ಲೋಟ ಕೆಳಗಿಟ್ಟು, "ಚಲೋ ಐತ್ರೀ. ಒಂದೀಟು ಅನ್ನ ಸಾರು ಹಾಕಂಬರ್ರಿ" ಎಂದಳು.

ಅವಳು ಉಂಡಳು. ಬೆನಕಪ್ಪ ಹಿತ್ತಲಿಗೆ ಹೋಗಿ ಅತ್ತ. ಸಂತೋಷಕ್ಕೋ ಭಯಕ್ಕೋ ಅವನಿಗೇ ತಿಳಿಯಲಿಲ್ಲ. ನಿಜ ಹೇಳಿದರೆ ಮತ್ತೆ ಊಟ ಬಿಟ್ಟಾಳೆಂದು ದಿನವೂ ಗುಟ್ಟು ಮುಚ್ಚಿಟ್ಟ, ದಿನವೂ ಅವಳು ಅರ್ಪಿಸುವುದನ್ನು ನೋಡುತ್ತ ನಿಂತ.

ಬಾಟಲಿ ಮುಗಿಯಿತು. ಮತ್ತೊಂದರಲ್ಲೂ ಸೀಮೆಎಣ್ಣೆ ಇದ್ದರೆ? ಸಂಜೆ ಉಗ್ರಾಣದಲ್ಲಿ ಮೊದಲಿನಂತೆಯೇ ಲಿಂಗ ತೆಗೆದಿಟ್ಟು ರುಚಿ ನೋಡುತ್ತಿದ್ದ. ಮೈಗೆ ತುಸು ಕಸುವು ಬಂದಿದ್ದ ಅಕ್ಕನಾಗಮ್ಮ ಗೋಡೆ ಹಿಡಿದು ನಡೆದು, ಅವನನ್ನು ಊಟಕ್ಕೆ ಕರೆಯಲು ಬಂದವಳು ಬಾಗಿಲು ತಳ್ಳಿದಳು. ಬಾಟಲಿ ನೋಡಿದಳು, ಅವನ ಬರಿ ಕೊರಳು ನೋಡಿದಳು, ಗೂಡಿನಲ್ಲಿದ್ದ ಕರಡಿಗೆ ನೋಡಿದಳು. ತನ್ನ ಔಷಧಿಯ ವಾಸನೆ ಅವಳಿಗೆ ಗುರುತು ಸಿಕ್ಕಿತು.

"ನಿನ್ನ ಉಳಿಸ್ಕಣಾಕೆ ಕೊಟ್ಟೆ ಕಣೇ."

"ಕೊಟ್ಟಿದ್ದಕ್ಕಲ್ರೀ ನನ್ನ ಸಂಕಟ. ಹೇಳಿದ್ರೆ ಇಬ್ರೂ ಕೂಡಿ ಕುಡೀತಿದ್ವಿ, ಇಬ್ರೂ ಕೂಡಿ ತಪ್ಪಾತು ಅಂತ ಮಠದ ಅಯ್ಯನೋರ ಕಾಲಿಗೆ ಬೀಳ್ತಿದ್ವಿ. ನಿಮ್ಮ ಲಿಂಗ ಮಾತ್ರ ತೆಗೆದು ಜ್ವಾಪಾನ ಮಾಡಿದ್ರಿ. ನಂದು ದಿನಾ ನಿಮ್ಮ ಕಣ್ಮುಂದೇ ಇತ್ತಲ್ರೀ."

ಅಂದಿನಿಂದ ಅವಳ ಹಸಿವು ಮತ್ತೆ ಸತ್ತಿತು. ಬೆನಕಪ್ಪ ಉಳಿದದ್ದನ್ನೆಲ್ಲ ಚೆಲ್ಲಿ, ಗಂಜಿ ಹಿಡಿದು ಕೂತ. ಅವಳು ತುಟಿ ಬಿಚ್ಚಲಿಲ್ಲ. ಕೊನೆಗೆ ನೀರಿನ ಲೋಟ ಹಿಡಿದ.

"ಮೊದ್ಲು ನಿಮ್ಮ ಲಿಂಗಕ್ಕೆ ಕೊಟ್ಟು ನೀವು ಕುಡೀರಿ" ಎಂದಳು.

ಅವನು ತನ್ನ ಲಿಂಗಕ್ಕೆ ಅರ್ಪಿಸಿ ಕುಡಿದ. ಅವಳು ಕೊನೆಯವರೆಗೂ ನೋಡುತ್ತಿದ್ದಳು. ಮತ್ತೆ ಲೋಟ ಚಾಚಿದಾಗ ಗೋಡೆಯ ಕಡೆ ಹೊರಳಿದಳು. ಈ ಸಲ ಅದು ನಿಜಕ್ಕೂ ಬರೀ ಬಾವಿಯ ನೀರಾಗಿತ್ತು.